ಅರ್ಧ ತಲೆ

ನನ್ನ ಹೆಸರು ಪುಟ್ಟರಾಜು. ನನ್ನ ತಲೆಯ ಎಡಗಡೆ ಕೂದಲಿಲ್ಲ, ಬಲಗಡೆ ಕಿವಿ ಮುಚ್ಚುವಷ್ಟಿದೆ. ನಗುವವರು ಮೊದಲು ನಕ್ಕು ಮುಗಿಸಲಿ, ಆಮೇಲೆ ಹೇಳುತ್ತೇನೆ. ಬಸ್ಸಿನಲ್ಲಿ ನಗುತ್ತಾರೆ. ನಂಜನಗೂಡಿನ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯುರಿಟಿಯವನು ನಗುತ್ತಾನೆ. ಸೂಪರ್‌ವೈಸರು ಟೋಪಿ ಹಾಕಿಕೊಂಡು ಬಾ ಎನ್ನುತ್ತಾನೆ. ನಾನು ಹಾಕಿಕೊಳ್ಳುವುದಿಲ್ಲ. ಇದು ಫ್ಯಾಷನ್ನೂ ಅಲ್ಲ, ಹರಕೆಯೂ ಅಲ್ಲ.

ನಮ್ಮೂರು ಹದಿನಾರು ಎಂಬ ಊರು ದಾಟಿ ಎರಡು ಮೈಲಿ. ನಾಲೆ ನೀರಿನ ಊರು. ಭತ್ತ, ಕಬ್ಬು, ಬಾಳೆ. ಊರ ನಡುವೆ ಅರಳಿಕಟ್ಟೆ. ಕಟ್ಟೆಯ ಎದುರಿಗೆ ರಾಜುವಿನ ಕ್ಷೌರದಂಗಡಿ. ‘ನ್ಯೂ ಲುಕ್ ಹೇರ್ ಡ್ರೆಸ್ಸರ್ಸ್’ ಎಂದು ಬೋರ್ಡಿದೆ. ಬೋರ್ಡಿನಲ್ಲಿ ಬರೆಯದ ಒಂದು ಮಾತೂ ಇದೆ. ನಮ್ಮ ಕೇರಿಯವರಿಗೆ ಇಲ್ಲಿ ಕ್ಷೌರವಿಲ್ಲ. ದೊಡ್ಡಬೀದಿಯ ಯಾರನ್ನಾದರೂ ಕೇಳಿ, ಅದೆಲ್ಲ ಹಳೇ ಕಾಲ ಕಣ್ರೀ, ಈಗೆಲ್ಲಿದೆ ಎನ್ನುತ್ತಾರೆ. ನಮ್ಮವನೊಬ್ಬ ಹೋಗಿ ಕೂತು ನೋಡಲಿ. ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತದೆ, ಕತ್ತರಿ ಮೊಂಡಾಗುತ್ತದೆ, ರಾಜುವಿಗೆ ಹೊಟ್ಟೆನೋವು ಬರುತ್ತದೆ. ನಾನು ರಾಜುವನ್ನು ಬೈಯುವುದಿಲ್ಲ. ಅಂಗಡಿಯ ಕಟ್ಟಡ ದೊಡ್ಡಬೀದಿಯ ಗುರುಮಲ್ಲಪ್ಪನದು. ರಾಜು ಹೊಟ್ಟೆಪಾಡಿಗೆ ಬನ್ನೂರಿನಿಂದ ಬಂದವನು.

ನಮ್ಮಪ್ಪ ನರಸೀಪುರದ ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ನಾನು ಅವ್ವನ ಹೊಟ್ಟೆಯಲ್ಲಿದ್ದಾಗ ನಡೆದದ್ದು ಇದು. ರಾಜು ಊರಿಗೆ ಬಂದು ಅಂಗಡಿ ತೆರೆದು ಹದಿನೈದು ದಿನವಾಗಿತ್ತು. ಯಾರು ಯಾವ ಬೀದಿಯವರು ಎಂದು ಅವನಿಗೆ ಗೊತ್ತಿರಲಿಲ್ಲ. ಅಪ್ಪ ಒಗೆದ ಅಂಗಿ ಹಾಕಿಕೊಂಡು ಹೋಗಿ ಕುರ್ಚಿಯಲ್ಲಿ ಕೂತ. ರಾಜು ಬಟ್ಟೆ ಹೊದಿಸಿ ಕತ್ತರಿಸತೊಡಗಿದ. ಅರ್ಧ ತಲೆ ಆಗಿತ್ತು. ಪೇಪರ್ ಓದಲು ಬಂದ ಗುರುಮಲ್ಲಪ್ಪ ಕನ್ನಡಿಯೊಳಗೆ ಅಪ್ಪನ ಮುಖ ನೋಡಿದ. ಕೂಗಾಡಲಿಲ್ಲವಂತೆ. ‘ರಾಜು, ಕತ್ತರಿ ಮಡಗು’ ಎಂದನಂತೆ, ಅಷ್ಟೆ. ರಾಜು ಇಟ್ಟ. ಉಳಿದರ್ಧ ಮುಗಿಸಿಕೊಡಿ ಎಂದು ಅಪ್ಪ ಇಬ್ಬರಿಗೂ ಕೈಮುಗಿದ. ಆಗಲಿಲ್ಲ. ತಲೆಗೆ ಟವಲು ಸುತ್ತಿಕೊಂಡು, ನೆಲ ನೋಡಿಕೊಂಡು ಮನೆಗೆ ಬಂದ. ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಅವ್ವನೇ ಉಳಿದದ್ದನ್ನು ಕತ್ತರಿಸಿದಳು.

ಅವತ್ತಿನಿಂದ ಕೇರಿಯ ತಲೆಗಳೆಲ್ಲ ನಮ್ಮವ್ವ ಕೆಂಪಾಜಮ್ಮನ ಕೈಗೆ ಬಂದವು. ಆರು ದಿನ ನಾಟಿ, ಕಳೆ, ಕಬ್ಬಿನ ಸೋಗೆ. ಏಳನೇ ದಿನ ಹೊಂಗೆ ಮರದ ಕೆಳಗೆ ಕತ್ತರಿ. ಇಪ್ಪತ್ತಾರು ವರ್ಷ. ಅವಳ ಹೆಬ್ಬೆರಳಿನ ಬುಡ ಜಡ್ಡುಗಟ್ಟಿ ಹೋಗಿದೆ, ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವನಿಗೆ ಕೊನೆಯ ಕ್ಷೌರ ಮಾಡಿದ್ದೂ ಅವಳೇ. ತಿಥಿಯ ದಿನ ನಾನು ನಂಜನಗೂಡಿಗೆ ಹೋಗಿ ಕಪಿಲೆಯ ದಡದಲ್ಲಿ ತಲೆ ಬೋಳಿಸಿಕೊಂಡು ಬಂದೆ. ಅವ್ವ ನನ್ನ ಬೋಳುತಲೆ ಸವರಿ, ‘ನಂಜುಂಡಪ್ಪ ನಿನ್ ಬೀದಿ ಯಾವ್ದು ಅಂತ ಕೇಳ್ಲಿಲ್ಲ. ನಮ್ಮೂರ್ ಕುರ್ಚಿ ಕೇಳ್ತದೆ’ ಎಂದಳು. ಆವತ್ತೇ ನನಗೆ ಆ ಕುರ್ಚಿಯ ಹಟ ಹಿಡಿಯಿತು. ನಂಜನಗೂಡಿನಲ್ಲಿ ಎಸಿ ಸೆಲೂನಿದೆ, ದುಡ್ಡು ಕೊಟ್ಟರೆ ಯಾರು ಬೇಕಾದರೂ ಕೂರಬಹುದು. ನನಗೆ ಅದು ಬೇಡ. ನಮ್ಮಪ್ಪ ಅರ್ಧಕ್ಕೆ ಎದ್ದ ಕುರ್ಚಿ ಬೇಕು.

ಇನ್ನು ಗುರುಮಲ್ಲಪ್ಪನ ಮಗ ಮದನ್. ಮೈಸೂರಿನಲ್ಲಿ ಬಿಕಾಂ ಓದಿ ಎರಡು ವರ್ಷ ಬುಲೆಟ್ ಓಡಿಸಿಕೊಂಡಿದ್ದವನಿಗೆ ಆಸ್ಟ್ರೇಲಿಯಾದ ಹುಚ್ಚು ಹಿಡಿಯಿತು. ಅಲ್ಲಿಗೆ ಹೋದರೆ ಸಾಲದು, ಅಲ್ಲೇ ಉಳಿಯಬೇಕು. ಅದಕ್ಕೆ ಪಿಆರ್ ಎನ್ನುತ್ತಾರಂತೆ. ಬಿಕಾಂನವರನ್ನು ಅಲ್ಲಿ ಮೂಸಿ ನೋಡುವುದಿಲ್ಲ, ಕೈಕಸುಬು ಕಲಿತವರಿಗೆ ಬೇಗ ಸಿಗುತ್ತದೆ, ಕ್ಷೌರದ ಕೋರ್ಸು ಸೇರಿಕೋ ಎಂದು ಮೈಸೂರಿನ ಏಜೆಂಟ್ ಹೇಳಿದ. ಆದರೆ ಮೊದಲು ಇಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಏಜೆಂಟನೇ ದಾರಿ ತೋರಿಸಿದ. ಮದನ್ ಮೂರು ವರ್ಷದಿಂದ ತನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದಾನೆ ಎಂದು ರಾಜುವಿನಿಂದ ಒಂದು ಪತ್ರ. ನೂರು ತಲೆ ಕತ್ತರಿಸಿದ ಫೋಟೊ. ಕೊನೆಗೆ ಒಂದು ದಿನ ಅಂಗಡಿಯಿಂದಲೇ ವಿಡಿಯೊ ಕಾಲ್, ಆಸ್ಟ್ರೇಲಿಯಾದವರು ನೋಡುತ್ತಿರುವಾಗ ಒಂದು ತಲೆ.

ಪತ್ರ ಸುಲಭ. ಕಟ್ಟಡದ ಯಜಮಾನ ಹೇಳಿದ ಕಡೆ ರಾಜು ಸೈನು ಹಾಕಿದ. ತಲೆಗಳಿಗೇ ಕಷ್ಟ ಬಂತು. ಮದನ್ ಮೈಸೂರಿನಲ್ಲಿ ಮೂರು ತಿಂಗಳು ಕಲಿತಿದ್ದ, ಅದೂ ಪ್ಲಾಸ್ಟಿಕ್ ಗೊಂಬೆಯ ತಲೆಯ ಮೇಲೆ. ದೊಡ್ಡಬೀದಿಯಲ್ಲಿ ತಲೆ ಕೇಳುವಂತಿಲ್ಲ. ಗುರುಮಲ್ಲಪ್ಪನ ಮಗ ಕ್ಷೌರ ಕಲಿಯುತ್ತಿದ್ದಾನೆ ಎಂದು ಗೊತ್ತಾದರೆ ಮಾನ ಹೋಗುತ್ತದೆ. ಅವನ ತಾಯಿ ಚನ್ನಬಸಮ್ಮ ಆಗಲೇ ನೆಂಟರಿಗೆಲ್ಲ ಹೋಟೆಲ್ ಮ್ಯಾನೇಜ್‌ಮೆಂಟ್ ಎಂದು ಸಾರಿಬಿಟ್ಟಿದ್ದಳು. ಇಲ್ಲಿ ಮುಟ್ಟಬಾರದ ಕೆಲಸ, ವಿಮಾನ ಹತ್ತಿದರೆ ಡಿಪ್ಲೊಮಾ. ನಾನೂ ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಕಲಿತವನು. ನನ್ನ ಟ್ರೇಡಿಗೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ ಡ್ರಮ್ಮು ಉರುಳಿಸುವ ಕಾಂಟ್ರಾಕ್ಟ್ ಕೂಲಿ ಸಿಕ್ಕಿದೆ.

ಒಂದು ಸಂಜೆ ಗುರುಮಲ್ಲಪ್ಪ ನಮ್ಮ ಕೇರಿಯ ಬಾಯಿಗೆ ಬಂದ. ಒಳಗೆ ಬರಲಿಲ್ಲ. ಸ್ಕೂಟರಿನ ಮೇಲೆ ಕೂತೇ ನನ್ನನ್ನು ಕರೆಸಿದ. ವಿಷಯ ಹೇಳಿದ. ತಲೆ ಬೇಕು, ಬಾಯಿ ಮುಚ್ಚಿಕೊಂಡಿರುವ ತಲೆಗಳು ಬೇಕು. ಕಾಫಿ ತಿಂಡಿ ಕೊಡಿಸುತ್ತೇನೆ ಎಂದ. ಕಾಫಿ ಬೇಡ ಸಾ, ರಾಜು ಅಂಗಡಿ ನಮಗೂ ತೆಗೆಸಿಕೊಡಿ ಎಂದೆ. ಅವನು ಸ್ವಲ್ಪ ಹೊತ್ತು ಸ್ಕೂಟರಿನ ಕನ್ನಡಿ ಒರೆಸಿದ.

‘ಆಯ್ತು ಕಣ್ಲಾ. ಅವ್ನು ವಿಮಾನ ಅತ್ತಿದ ಮಾರ್ನೇ ದಿನದಿಂದ ನಿಮ್ಮೋರೂ ಬಂದು ಕೂತ್ಕಳ್ಳಿ. ನನ್ ಮಾತು’ ಎಂದ.

ನಾನು ಕುಣಿದುಕೊಂಡು ಮನೆಗೆ ಬಂದೆ. ಅವ್ವ ಒಂದೇ ಪ್ರಶ್ನೆ ಕೇಳಿದಳು. ಎಲೆ ಅಡಿಕೆ ಇಡಿಸಿದೆಯಾ? ನಮ್ಮಲ್ಲಿ ಅದೊಂದು ಕಟ್ಟು. ದೊಡ್ಡಬೀದಿಯವರು ಮಾತು ಕೊಟ್ಟರೆ ನಮ್ಮ ಯಜಮಾನರ ಮುಂದೆ ವೀಳ್ಯದೆಲೆ ಇಟ್ಟು, ನಾಲ್ಕು ಜನ ಕೇಳುವಂತೆ ಆಡಬೇಕು. ಎಲೆ ಇಟ್ಟು ಆಡಿದ ಮಾತನ್ನು ಎಂಥವನೂ ನುಂಗಲಾರ. ನಾನು ಐಟಿಐ ಓದಿದವನು, ಇದೆಲ್ಲ ಯಾವ ಕಾಲದ್ದು ಎಂದು ನಕ್ಕೆ. ಅವ್ವ ನಗಲಿಲ್ಲ.

‘ಎಲೆ ಇಲ್ದೆ ಆಡಿದ್ ಮಾತು ಬಾಯ್ ಮುಕ್ಕಳಿಸಿದ್ರೆ ಓಯ್ತದೆ ಕಣ್ಲಾ’ ಎಂದಳು.

ತಪ್ಪು ನನ್ನದೇ. ನಾನೇ ಮನೆಮನೆಗೆ ಹೋಗಿ ಕೈಕಾಲು ಹಿಡಿದು ತಲೆ ಒಪ್ಪಿಸಿದೆ. ನಾನೂ ಸೇರಿ ಮೂವತ್ತನಾಲ್ಕು ಗಂಡಸರು. ಒಬ್ಬೊಬ್ಬರೂ ಕೂದಲು ಬೆಳೆದಂತೆ ಮೂರು ಸಲ.

ಜಾಗ ನಾಲೆಯ ಪಕ್ಕದ ಪಂಪ್‌ಹೌಸು. ಅವರ ಬಾಳೆ ತೋಟದ ಒಳಗೆ, ಯಾರಿಗೂ ಕಾಣದ ಕಡೆ. ಮದನ್ ಬಂದವನೇ ಕೊರಳಿನ ಲಿಂಗದ ಕರಡಿಗೆ ತೆಗೆದು ಮೊಳೆಗೆ ನೇತುಹಾಕುತ್ತಿದ್ದ. ಎರಡು ಕೈಗೂ ಗ್ಲೌಸು. ನಮ್ಮನ್ನು ಕೂರಿಸುತ್ತಿದ್ದದ್ದು ಗೊಬ್ಬರದ ಖಾಲಿ ಚೀಲದ ಮೇಲೆ. ಫೋಟೊ ಹಿಂದಿನಿಂದ ತೆಗೆಯುತ್ತಿದ್ದ, ಮುಖ ಬೇಡವಂತೆ. ಕತ್ತಿನ ಮೇಲೆ ನಂಬರಿನ ಚೀಟಿ ಅಂಟಿಸುತ್ತಿದ್ದ. ಸಂತೆಯಲ್ಲಿ ಕುರಿಗೆ ಬಣ್ಣ ಹಚ್ಚುತ್ತಾರಲ್ಲ, ಹಾಗೆ. ನಾನು ಏಳು, ನಲವತ್ತೆರಡು, ಎಪ್ಪತ್ತೆಂಟು. ಕೆಲಸ ಮುಗಿದ ಮೇಲೆ ಅವನು ಪಂಪಿನ ನೀರಿಗೆ ತಲೆಕೊಟ್ಟು ಸ್ನಾನ ಮಾಡಿ, ಅಮ್ಮ ಕಳಿಸಿದ ಬೇರೆ ಬಟ್ಟೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ನಮ್ಮ ಕಾಫಿ ಪ್ಲಾಸ್ಟಿಕ್ ಲೋಟದಲ್ಲಿ ಬರುತ್ತಿತ್ತು. ಲೋಟ ನಾವೇ ನಾಲೆಯ ಆಚೆ ಎಸೆಯಬೇಕಿತ್ತು.

ಮೊದಲ ಸುತ್ತಿನಲ್ಲಿ ಅವನು ಕತ್ತರಿಸಿದ್ದನ್ನು ಕ್ಷೌರ ಎನ್ನಲು ಬಾಯಿ ಬರುವುದಿಲ್ಲ. ಇಲಿ ಕಡಿದ ಚಾಪೆಯಂತೆ ಮಾಡಿ ಕಳಿಸುತ್ತಿದ್ದ. ಮುದುಕ ಮಾದಯ್ಯನ ಕಿವಿಯ ತುದಿಯನ್ನೇ ಹಾರಿಸಿದ. ರಕ್ತ ಹೆಗಲಿಗೆ ಇಳಿಯಿತು. ಮದನ್ ಸಾರಿ ಸಾರಿ ಎಂದ, ಗ್ಲೌಸು ಬದಲಾಯಿಸಿದ, ಬೇರೆ ತಲೆ ಕರೆದ. ಮಾದಯ್ಯ ಕಿವಿಗೆ ಬೀಡಿಯ ಬೂದಿ ಒತ್ತಿಕೊಂಡು ಬಂದು ಅವ್ವನ ಮುಂದೆ ಕೂತ. ಅವನು ಕೆಡಿಸಿದ ತಲೆಗಳನ್ನೆಲ್ಲ ಅವ್ವ ಸಂಜೆ ಕೂರಿಸಿಕೊಂಡು ಸರಿಮಾಡುತ್ತಿದ್ದಳು. ಗದ್ದೆಯಲ್ಲಿ ಬಗ್ಗಿ ಬಂದ ಸೊಂಟ, ಮತ್ತೆ ತಲೆಗಳ ಮೇಲೆ ಬಗ್ಗುತ್ತಿತ್ತು. ನನ್ನ ಮುಖ ನೋಡುತ್ತಿರಲಿಲ್ಲ. ಆದರೂ ಕುರ್ಚಿ ಸಿಗುತ್ತದಲ್ಲ ಎಂದುಕೊಳ್ಳುತ್ತಿದ್ದೆ.

ಮೂರನೇ ಸುತ್ತಿಗೆ ಮದನನ ಕೈ ಕುದುರಿತು. ಸುಳ್ಳು ಹೇಳಬಾರದು, ಚೆನ್ನಾಗಿಯೇ ಕತ್ತರಿಸಿದ. ಬಾಯಿಯೂ ಬಿಚ್ಚಿತು. ಒಂದು ದಿನ ನನ್ನ ಕತ್ತು ಬಗ್ಗಿಸಿಕೊಂಡು, ಆಸ್ಟ್ರೇಲಿಯಾದಲ್ಲಿ ನೀನು ಯಾರು, ಎತ್ತ ಎಂದು ಯಾರೂ ಕೇಳುವುದಿಲ್ಲ, ಕೆಲಸ ಮಾಡಿದರೆ ಮರ್ಯಾದೆ, ಅದಕ್ಕೇ ನನಗೆ ಆ ದೇಶ ಇಷ್ಟ ಎಂದ.

‘ಇಲ್ಲಿ ಯಾರು ಸಾ ಕೇಳೋದು?’ ಎಂದೆ.

ಕತ್ತರಿ ನಿಂತಿತು. ಆಮೇಲೆ ಮತ್ತೆ ಶುರುವಾಯಿತು.

ವಿಡಿಯೊ ಕಾಲ್ ಮಂಗಳವಾರಕ್ಕೆ ಗೊತ್ತಾಯಿತು. ಮಂಗಳವಾರ ಕ್ಷೌರದಂಗಡಿಗೆ ರಜ, ಯಾರೂ ಬರುವುದಿಲ್ಲ. ರಾಜುವಿನ ಅಂಗಡಿಯಲ್ಲೇ ನಡೆಯಬೇಕು, ಪತ್ರದಲ್ಲಿರುವುದು ಅದೇ ಅಂಗಡಿ. ಕೂರಲು ತಲೆ ನನ್ನದು. ಅದಕ್ಕೆಂದೇ ನಾಲ್ಕು ತಿಂಗಳು ಕೂದಲು ಬಿಡಿಸಿದ್ದರು. ಬೆಳಿಗ್ಗೆ ಅವ್ವ ಬಿಸಿನೀರು ಕಾಯಿಸಿದಳು, ಅಪ್ಪನ ಬಿಳಿ ಅಂಗಿ ತೆಗೆದುಕೊಟ್ಟಳು.

‘ನಿಮ್ಮಪ್ಪ ಕೂತಿದ್ ಕುರ್ಚಿ ಕಣ್ಲಾ. ನೆಟ್ಟಗೆ ಕೂತ್ಕ’ ಎಂದಳು.

ಹಿತ್ತಿಲ ಬಾಗಿಲಿನಿಂದ ಬಾ ಎಂದಿದ್ದರು, ಹಾಗೇ ಹೋದೆ. ಮುಂದಿನ ಶಟರು ಇಳಿದಿತ್ತು. ಒಳಗೆ ಟ್ಯೂಬ್‌ಲೈಟು. ಕುರ್ಚಿಯ ಕೈಗಳ ರೆಕ್ಸಿನ್ ಹರಿದು ಹಳದಿ ಸ್ಪಂಜು ಕಾಣುತ್ತಿತ್ತು. ಇಷ್ಟೇ ಇದು. ಇದಕ್ಕೆ ಇಪ್ಪತ್ತಾರು ವರ್ಷ. ಕೂತೆ, ನೆಟ್ಟಗೆ ಕೂತೆ. ಕನ್ನಡಿಯಲ್ಲಿ ನನ್ನ ಮುಖ ಕಂಡಿತು, ಅಪ್ಪನದೇ ಮೂಗು. ಕಣ್ಣಲ್ಲಿ ನೀರು ಬಂತು. ಮದನ್ ನನ್ನ ಕೊರಳಿಗೆ ಹೊಸ ಬಟ್ಟೆ ಕಟ್ಟಿದ. ಸ್ಟ್ಯಾಂಡಿನ ಮೇಲೆ ಫೋನಿಟ್ಟ. ಫೋನಿನಲ್ಲಿ ಕನ್ನಡಕದ ಬಿಳಿಯ ಹೆಂಗಸು. ಅವಳು ಏನೋ ಕೇಳಿದಳು, ಮದನ್ ಎಸ್ ಎಸ್ ಎಂದ. ರಾಜು ಯಜಮಾನನಂತೆ ಮೂಲೆಯಲ್ಲಿ ನಿಂತು, ಕೈ ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡುತ್ತಿದ್ದ.

ಮದನ್ ಎಡಗಡೆಯಿಂದ ಶುರು ಮಾಡಿದ. ಟ್ರಿಮ್ಮರ್ ಹಿಡಿದು ಕೆಳಗಿನಿಂದ ಮೇಲಕ್ಕೆ, ಚರ್ಮ ಕಾಣುವ ಹಾಗೆ. ಈಗಿನ ಸ್ಟೈಲು ಅದು. ಕಾಲು ಗಂಟೆಯಲ್ಲಿ ಎಡಗಡೆ ಮುಗಿಯಿತು. ಟ್ರಿಮ್ಮರಿನ ಸದ್ದು ನಿಂತಾಗ ನನ್ನ ಮೂಗಿಗೆ ವಾಸನೆ ಬಂತು. ಗಂಜಲ. ಕನ್ನಡಿಯಲ್ಲಿ ನೋಡಿದೆ. ನನ್ನ ಹಿಂದೆ ಹಿತ್ತಿಲ ಬಾಗಿಲಲ್ಲಿ ಚನ್ನಬಸಮ್ಮ ಬಕೆಟ್ಟು ಹಿಡಿದು ನಿಂತಿದ್ದಳು. ಅವಳ ಪಕ್ಕ ಗುರುಮಲ್ಲಪ್ಪ. ಫೋನಿಗೆ ಕಾಣದ ಜಾಗದಲ್ಲಿ ನಿಂತು ರಾಜುವಿನ ಕಿವಿಗೆ ಬಗ್ಗಿ ಹೇಳುತ್ತಿದ್ದ. ಪಿಸುಮಾತಾದರೂ ಅಂಗಡಿ ಚಿಕ್ಕದು.

‘ಇವ್ನು ಎದ್ದೇಟ್ಗೆ ಕುರ್ಚಿಗೆ ಗಂಜಲ ಉಯ್ದು ತೊಳ್ದುಬುಡು. ನಾಳೆ ನಮ್ಮೋರು ಬತ್ತಾರೆ.’

ನಾನು ತಲೆ ತಿರುಗಿಸದೆ, ಕನ್ನಡಿಯೊಳಗಿನ ಅವನನ್ನೇ ಕೇಳಿದೆ. ವಿಮಾನ ಹತ್ತಿದ ಮಾರನೆಯ ದಿನ ನಾವು ಬಂದು ಕೂರಬೇಕಲ್ಲ ಸಾ, ಆಗಲೂ ದಿನಾ ತೊಳೆಸುತ್ತೀರಾ ಎಂದೆ. ಅವನು ಫೋನಿನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟ. ನಾನು ಸುಮ್ಮನಾಗಲಿಲ್ಲ, ಮಾತು ಕೊಟ್ಟಿದ್ದಿರಿ ಎಂದೆ.

‘ಆಗೋ ಮಾತೇನ್ಲಾ ಅದು?’ ಎಂದ. ‘ತಲೆ ಅಲ್ಲಾಡುಸ್ಬ್ಯಾಡ, ಸುಮ್ಕೆ ಕೂತ್ಕ.’

ಆಗೋ ಮಾತೇನ್ಲಾ ಅದು. ನೂರು ತಲೆ. ಮಾದಯ್ಯನ ಕಿವಿ. ಅವ್ವನ ಸೊಂಟ. ಮದನ್ ಬಲಗಡೆಗೆ ಬಂದು ಬಾಚಣಿಗೆ ಇಟ್ಟಿದ್ದ. ಅವನ ಕೈಯನ್ನು ಪಕ್ಕಕ್ಕೆ ಸರಿಸಿದೆ. ಎದ್ದೆ.

ಫೋನಿನ ಹೆಂಗಸು ಏನೋ ಕೇಳಿದಳು. ನಾನು ಹಿತ್ತಿಲ ಕಡೆ ಹೋಗಲಿಲ್ಲ. ಮುಂದಿನ ಶಟರಿನ ಬುಡಕ್ಕೆ ಕೈಹಾಕಿ ಮೇಲಕ್ಕೆತ್ತಿದೆ. ಡ್ರಮ್ಮು ಉರುಳಿಸಿದ ತೋಳು ಇದು, ಒಂದೇ ಸಲಕ್ಕೆ ಹೋಯಿತು. ಬಿಸಿಲು ಒಳಗೆ ನುಗ್ಗಿತು. ಎದುರಿಗೆ ಅರಳಿಕಟ್ಟೆಯ ಮೇಲೆ ದೊಡ್ಡಬೀದಿಯ ಏಳೆಂಟು ಜನ ಕೂತಿದ್ದರು. ಎಲೆ ಅಡಿಕೆ ಜಗಿಯುವ ಬಾಯಿಗಳು ನಿಂತವು.

ನಾನು ಟವಲು ಕೇಳಲಿಲ್ಲ. ಕೊರಳಿನ ಬಟ್ಟೆ ಬಿಚ್ಚಿ ಮೆಟ್ಟಿಲ ಮೇಲೆ ಹಾಕಿ ನಡೆದೆ. ಹಿಂದಿನಿಂದ ಮದನ್ ಓಡಿಬಂದ. ಎದೆಗೆ ಕರಿಯ ಏಪ್ರನ್, ಕೈಗೆ ಅದೇ ಗ್ಲೌಸು, ಒಂದು ಕೈಯಲ್ಲಿ ಬಾಚಣಿಗೆ, ಒಂದು ಕೈಯಲ್ಲಿ ಟ್ರಿಮ್ಮರ್. ಅವನ ಹೋಟೆಲ್ ಮ್ಯಾನೇಜ್‌ಮೆಂಟನ್ನು ಇಡೀ ಕಟ್ಟೆ ಕಣ್ತುಂಬ ನೋಡಿತು.

‘ಪುಟ್ಟರಾಜಣ್ಣ’ ಎಂದ. ಹುಟ್ಟಿದಾರಭ್ಯ ಅವನು ನನ್ನನ್ನು ಅಣ್ಣ ಎಂದದ್ದು ಅದೇ ಮೊದಲು. ‘ಇನ್ನಿಪ್ಪತ್ತೇ ನಿಮ್ಷ. ಅವ್ರು ಲೈನಲ್ಲೇ ಅವ್ರೆ. ನನ್ ಲೈಫು ಕಣಣ್ಣ.’

ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ನಾನು ಹೋಗಿ ಅರಳಿಕಟ್ಟೆಯ ಮೇಲೆ ಕೂತೆ. ಆ ಕಲ್ಲಿನ ಮೇಲೂ ನಮ್ಮವರು ಕೂತವರಲ್ಲ. ಅಲ್ಲಿದ್ದವರು ದಡಬಡ ಎದ್ದು ಇಳಿದರು.

‘ಇಲ್ಲೇ ಕತ್ತರ್ಸು ಮದನ್’ ಎಂದೆ. ‘ಫೋನ್ ತಗಬಾ. ಗ್ಲೌಸ್ ಬಿಚ್ಚು. ಎಲ್ರೂ ನೋಡ್ಲಿ.’

ಮದನ್ ಕಟ್ಟೆಯ ಜನರನ್ನು ನೋಡಿದ. ಬಲಗೈಯ ಗ್ಲೌಸನ್ನು ಬೆರಳುಗಳವರೆಗೆ ಎಳೆದ. ಇನ್ನೊಂದು ಸಲ ಎಳೆದಿದ್ದರೆ ಬರುತ್ತಿತ್ತು. ಅಷ್ಟರಲ್ಲಿ ಅಂಗಡಿಯ ಬಾಗಿಲಿನಿಂದ ಗುರುಮಲ್ಲಪ್ಪ, ಒಳಕ್ಕೆ ಬಾ ಎಂದ. ಕೂಗಲಿಲ್ಲ, ಅಪ್ಪ ಕೂತಿದ್ದಾಗ ರಾಜುವಿಗೆ ಹೇಳಿದ ಅದೇ ತಣ್ಣನೆಯ ದನಿಯಿರಬೇಕು. ಮದನ್ ನಿಂತ. ಒಳಗೆ ಫೋನಿನ ಹೆಂಗಸು ಹಲೋ ಹಲೋ ಎನ್ನುತ್ತಿದ್ದಳು. ಅವನು ಗ್ಲೌಸನ್ನು ಮತ್ತೆ ಮಣಿಕಟ್ಟಿಗೆ ಎಳೆದುಕೊಂಡು ತಿರುಗಿ ಹೋದ.

ನಾನು ದೊಡ್ಡಬೀದಿಯ ನಡುಮಧ್ಯೆ ನಡೆದು ಮನೆಗೆ ಬಂದೆ. ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ತಲೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಒಳಗೆ ಹೋಗಿ ಕತ್ತರಿ ತಂದಳು. ಬೇಡ ಕಣವ್ವ ಎಂದೆ, ನಡೆದದ್ದನ್ನೆಲ್ಲ ಹೇಳಿದೆ. ಎಲೆ ಇಡಿಸಬೇಕಿತ್ತು, ನೀನು ಹೇಳಿದ್ದೇ ಸರಿ ಎಂದೂ ಹೇಳಿದೆ.

‘ಟವಲ್ ಸುತ್ಕಂಡು ಬಂದ್ಯಾ?’ ಎಂದು ಕೇಳಿದಳು.

‘ಇಲ್ಲ ಕಣವ್ವ.’

‘ಸರಿ ಬುಡು’ ಎಂದು ಕತ್ತರಿಯನ್ನು ಗೂಡಿನಲ್ಲಿಟ್ಟಳು.

ಮಾರನೆಯ ದಿನದಿಂದ ಬೆಳಿಗ್ಗೆ ಏಳಕ್ಕೆ, ಫ್ಯಾಕ್ಟರಿ ಬಸ್ಸಿಗೆ ಮುಂಚೆ, ರಾಜುವಿನ ಅಂಗಡಿಗೆ ಹೋಗಿ ಉಳಿದರ್ಧ ಕತ್ತರಿಸು ಎಂದು ಕೇಳುತ್ತೇನೆ. ರಾಜು ನನ್ನನ್ನು ಕಂಡೊಡನೆ ಶಟರು ಇಳಿಸುತ್ತಾನೆ. ನಾನು ಬಸ್ಸು ಬರುವವರೆಗೆ ಮೆಟ್ಟಿಲ ಮೇಲೆ ಕೂರುತ್ತೇನೆ. ನಾನು ಕೂತಿರುವವರೆಗೆ ದೊಡ್ಡಬೀದಿಯವರಿಗೂ ಕ್ಷೌರವಿಲ್ಲ. ಮೂರನೇ ದಿನ ರಾಜು ಶಟರಿನ ಒಳಗಿನಿಂದ, ನನ್ನ ಮಕ್ಕಳ ಅನ್ನ ಕಣಪ್ಪ ಎಂದ. ಗೊತ್ತು ರಾಜಣ್ಣ ಎಂದೆ. ಗುರುಮಲ್ಲಪ್ಪನೂ ಹೇಳಿ ಕಳಿಸಿದ. ಮೈಸೂರಿಗೆ ಹೋಗಿ ತಲೆ ಸರಿ ಮಾಡಿಸಿಕೊಳ್ಳಲಿ, ಖರ್ಚು ನನ್ನದು ಎಂದು. ಮದನನ ವಿಡಿಯೊ ಕಾಲ್ ಇನ್ನೊಂದು ಸಲ ಆಗುವಂತೆ ಏಜೆಂಟ್ ಓಡಾಡುತ್ತಿದ್ದಾನಂತೆ. ತಲೆಗಾಗಿ ಹುಡುಕುತ್ತಿದ್ದಾರಂತೆ.

ನನಗೆ ಹೆದರಿಕೆಯಾದದ್ದು ಅವರಿಗಲ್ಲ, ಕೇರಿಗೆ. ಕೇರಿಯ ಗಂಡಸರನ್ನೆಲ್ಲ ಗೊಬ್ಬರದ ಚೀಲದ ಮೇಲೆ ಕೂರಿಸಿ ಬರಿಗೈಲಿ ಎಬ್ಬಿಸಿದವನು ನಾನು. ಯಾರೂ ಜಗಳ ಆಡಲಿಲ್ಲ. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲಿಸುತ್ತಿದ್ದರು. ಅದು ಜಗಳಕ್ಕಿಂತ ಕಷ್ಟ. ಮಾದಯ್ಯ ನನ್ನನ್ನು ಕಂಡರೆ ಕೊಯ್ದ ಕಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದ.

ಭಾನುವಾರ ಬಂತು. ಹೊಂಗೆ ಮರದ ಕೆಳಗೆ ಅವ್ವ ಕತ್ತರಿ, ಬಾಚಣಿಗೆ, ನೀರಿನ ಚೊಂಬು ಇಟ್ಟುಕೊಂಡು ಕೂತಳು. ಮೊದಲು ಮಾದಯ್ಯನೇ ಬಂದು ಕಲ್ಲಿನ ಮೇಲೆ ಕೂತ. ಅವ್ವ ಬಟ್ಟೆ ಕಟ್ಟಿದಳು. ಎಡಗಡೆ ಮುಗಿಸಿದಳು. ಸೊಂಟಕ್ಕೆ ಕೈಕೊಟ್ಟು ಎದ್ದು ಬಲಗಡೆಗೆ ಬಂದಳು. ಬಾಚಣಿಗೆ ಇಡುವಾಗ ಮಾದಯ್ಯ ಅವಳ ಕೈ ಹಿಡಿದ.

‘ಅರ್ಧ ಸಾಕು ಕೆಂಪಾಜಕ್ಕ’ ಎಂದ.

ಅವ್ವನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಮಾದಯ್ಯ ಕೊರಳಿನ ಬಟ್ಟೆಯನ್ನು ತಾನೇ ಬಿಚ್ಚಿದ. ನನ್ನ ಮುಂದೆ ಬಂದು ನಿಂತು, ನಾಳೆ ಏಳಕ್ಕೇ ತಾನೇ ಎಂದು ಕೇಳಿದ. ಹೌದೆಂದು ತಲೆಯಾಡಿಸಿದೆ. ಅವ್ವ ತನ್ನ ಕೈಯಲ್ಲಿದ್ದ ಕತ್ತರಿಯನ್ನು ನೋಡಿದಳು. ಇಪ್ಪತ್ತಾರು ವರ್ಷದಿಂದ ಅರ್ಧಗಳನ್ನು ಮುಗಿಸಿಕೊಂಡೇ ಬಂದ ಕೈ ಅದು. ಆಮೇಲೆ ಬಟ್ಟೆಯನ್ನು ಜೋರಾಗಿ ಕೊಡವಿ ಮುಂದಿನವನನ್ನು ಕರೆದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ರಾಜುವಿನ ಅಂಗಡಿಯ ಮೆಟ್ಟಿಲು ನಮ್ಮ ಅರ್ಧ ತಲೆಗಳಿಗೆ ಸಾಲಲಿಲ್ಲ. ಉಳಿದವರು ಅರಳಿಕಟ್ಟೆಯ ಮೇಲೆ ಕೂತರು.